ಎರಡು ಬಸ್ಸಿನ ನಡುವಿನ ಕೆರೆ

ಶಿರಹಟ್ಟಿಯಿಂದ ಸಂಜೆ ಹೊರಡುವ ಬಸ್ಸು ಲಕ್ಷ್ಮೇಶ್ವರ ಮುಟ್ಟುವ ಮೊದಲು ಒಂದು ಸಣ್ಣ ಊರಿನ ಕೆರೆಯ ಪಕ್ಕದಲ್ಲಿ ನಿಲ್ಲುತ್ತದೆ. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಅಲ್ಲಿನ ಒಂದು ಮನೆಯಲ್ಲಿ ಜಗಳ ಹುಟ್ಟೀತು. ನಾನು ಶಿರಹಟ್ಟಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ, ಮನೆ ಇರುವುದು ಲಕ್ಷ್ಮೇಶ್ವರದಲ್ಲಿ. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ನಾನು ಆ ಕೆರೆಯ ಹತ್ತಿರ ಬಸ್ಸಿನಿಂದ ಇಳಿಯತೊಡಗಿದೆ. ಐದು ಗಂಟೆಗೆ ಇಳಿದರೆ ಮುಂದಿನ ಬಸ್ಸು ಐದೂ ಮುಕ್ಕಾಲಿಗೆ. ನಡುವಿನ ಆ ಮುಕ್ಕಾಲು ತಾಸು ದಂಡೆಯ ಮೇಲೆ ಕೂತು ಹಕ್ಕಿ ನೋಡುತ್ತಿದ್ದೆ. ವಿಷಯ ಇಷ್ಟೇ. ಇಷ್ಟು ಸಣ್ಣ ವಿಷಯ ಅಷ್ಟು ದೊಡ್ಡ ಗೊಂದಲವಾದದ್ದು ಹೇಗೆಂದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿರದಿದ್ದರೆ ಈ ಹುಚ್ಚು ಹಿಡಿಯುತ್ತಿತ್ತೋ ಇಲ್ಲವೋ. ಆಧಾರ್ ಕಾರ್ಡ್ ತೋರಿಸಿದರೆ ಸೊನ್ನೆ ರೂಪಾಯಿಯ ಟಿಕೆಟ್ಟು. ಇಳಿದು ಇನ್ನೊಂದು ಬಸ್ಸು ಹತ್ತಿದರೆ ಇನ್ನೊಂದು ಸೊನ್ನೆ. ಮೊದಲ ಬಸ್ಸಿನ ಕಂಡಕ್ಟರ್ ಒಂದು ವಾರ ನೋಡಿ ಕೇಳಿಯೇಬಿಟ್ಟ.

"ಅಕ್ಕಾರ, ಒಂದ ಊರಿಗೆ ಹೋಗಾಕ ದಿನಾ ಎರಡು ಟಿಕೆಟ್ ಹರಸ್ತೀರಲ್ರೀ, ಕೆರ್ಯಾಗ ಏನಾರ ಹೂತಿಟ್ಟೀರೇನು?"

"ಹೂಂ, ಗಂಟು ಇಟ್ಟೀನಿ. ನಿನಗೂ ಪಾಲು ಕೊಡ್ತೀನಿ, ಇಳಸು" ಎಂದೆ. ಹಕ್ಕಿ ನೋಡಲು ಎಂದು ಹೇಳಬಹುದಿತ್ತು. ಯಾಕೋ ನಾಲಿಗೆ ಏಳಲಿಲ್ಲ.

ನನ್ನ ತವರು ಮುಂಡರಗಿಯ ಕಡೆ. ಜೋಳ ಹಾಲುಗಾಳಾದಾಗ ಹಕ್ಕಿ ಕಾಯುವುದು ಮನೆಯಲ್ಲಿ ನನ್ನ ಕೆಲಸವಾಗಿತ್ತು. ಹೊಲದ ನಡುವೆ ನಾಲ್ಕು ಕಂಬದ ಅಟ್ಟಣಿಗೆ, ಅದರ ಮೇಲೆ ನಾನು, ಕೈಯಲ್ಲಿ ಕವಣೆ, ಕಾಲ ಹತ್ತಿರ ಕಲ್ಲಿನ ಗುಡ್ಡೆ. ನಾನು ಕಲ್ಲು ಬೀಸುವುದನ್ನು ಮರೆತು ನೋಡುತ್ತಾ ಕೂತುಬಿಡುತ್ತಿದ್ದೆ. ಗಿಳಿ ತೆನೆಗೆ ತಲೆಕೆಳಗಾಗಿ ಜೋತುಬಿದ್ದು ಒಂದೊಂದೇ ಕಾಳು ಬಿಡಿಸುವುದನ್ನು ನೋಡಿದರೆ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅಪ್ಪ ಬದುವಿನ ಮೇಲೆ ನಿಂತು ಕೂಗುತ್ತಿದ್ದ, "ಹಕ್ಕಿ ಕಾಯವಾ ಅಂದ್ರ ಹಕ್ಕಿಗೆ ಉಣ್ಣಾಕ ನೀಡಿ ಕುಂತಾಳ ನೋಡು!" ಆ ಬೈಗುಳದ ಜೊತೆಗೇ ನನಗೆ ಈ ರುಚಿ ಹತ್ತಿತು.

ಆಮೇಲೆ ಓದು, ನೌಕರಿ, ಮದುವೆ, ಮಗಳು. ಇಪ್ಪತ್ತು ವರ್ಷ ನಾನು ತಲೆ ಎತ್ತಿ ಹಕ್ಕಿ ನೋಡಲಿಲ್ಲವೆಂದರೆ ಅತಿಶಯವಾದೀತು, ಕಾಗೆ ಗುಬ್ಬಿ ಕಂಡಿರಬೇಕು. ಮಗಳ ಕನ್ನಡಕ ಮಾಡಿಸಲು ಗದಗಿಗೆ ಹೋದಾಗ ಆ ಅಂಗಡಿಯ ಗಾಜಿನ ಕಪಾಟಿನಲ್ಲಿ ಒಂದು ದುರ್ಬೀನು ಇತ್ತು. ನೋಡಿದೆ, ಕೇಳಿದೆ, ಕೊಂಡುಬಿಟ್ಟೆ. "ಯಾಕವ್ವಾ?" ಎಂದಳು ಮಗಳು. "ಶಾಲಿಗೆ" ಎಂದೆ. ಈ ಕಥೆಯ ಮೊದಲ ಸುಳ್ಳು ಅದು. ಆ ದುರ್ಬೀನು ನನ್ನ ಚೀಲದಲ್ಲಿ ಊಟದ ಡಬ್ಬಿಯ ಕೆಳಗೆ, ತಿದ್ದಬೇಕಾದ ಉತ್ತರ ಪತ್ರಿಕೆಗಳ ಅಡಿಗೆ ಹೋಗಿ ಕೂತಿತು.

ಹಕ್ಕಿ ನೋಡಬೇಕೆನ್ನುವವರು ನಮ್ಮ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಹೋಗುತ್ತಾರೆ. ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬರುವುದು ಎಲ್ಲರಿಗೂ ಗೊತ್ತು. ಅವುಗಳಲ್ಲಿ ಕೆಲವು ಗುಂಪು ಈ ಸಣ್ಣ ಊರಿನ ಕೆರೆಗೂ ಬರುವುದು ನನಗೆ ಬಸ್ಸಿನ ಕಿಟಕಿಯಿಂದ ಗೊತ್ತಾಯಿತು. ತಲೆಯ ಹಿಂದೆ ಎರಡು ಕಪ್ಪು ಗೀರು, ಬೂದು ಮೈ. ಹಗಲೆಲ್ಲ ನೀರಿನ ಮೇಲೆ ತೂಕಡಿಸುತ್ತವೆ. ಹೊತ್ತು ಮುಳುಗುವಾಗ ಒಂದೇ ಸಲಕ್ಕೆ ಎದ್ದು ಕಡಲೆ ಹೊಲಗಳ ಕಡೆ ಮೇಯಲು ಹೋಗುತ್ತವೆ. ಹೋಗುತ್ತವೆ ಎಂದು ಓದಿದ್ದೆ. ಯಾಕೆಂದರೆ ಅವು ಏಳುವುದು ಆರೂ ಕಾಲಿಗೋ ಆರೂವರೆಗೋ, ನಾನು ಬಸ್ಸು ಹತ್ತುವುದು ಐದೂ ಮುಕ್ಕಾಲಿಗೆ. ಅದರ ಮುಂದಿನ ಬಸ್ಸು ಆರೂ ಮುಕ್ಕಾಲಿಗೆ. ಅದಕ್ಕೆ ಹೋದರೆ ಮನೆ ಮುಟ್ಟುವುದು ಏಳಾಗುತ್ತದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಬೇಕು, ಮಗಳು ಹತ್ತನೆಯ ತರಗತಿ, ರೊಟ್ಟಿ ಬಡಿಯಬೇಕು, ಬೀಜ ಗೊಬ್ಬರದ ಅಂಗಡಿ ಮುಚ್ಚಿ ಬರುವ ಗಂಡನಿಗೆ ಬಂದ ಕೂಡಲೇ ಊಟ ಬೇಕು. ಹೀಗಾಗಿ ದಿನಾ ಹೆಬ್ಬಾತುಗಳು ಕತ್ತು ಎತ್ತಿ, ರೆಕ್ಕೆ ಕೊಡವಿ, ಇನ್ನೇನು ಏಳುತ್ತವೆ ಎನ್ನುವಾಗ ನಾನು ಎದ್ದು ಬಸ್ಸಿಗೆ ಓಡುತ್ತಿದ್ದೆ. ಒಂದೇ ಒಂದು ಸಲ ಅವು ಎಲ್ಲ ಸೇರಿ ಏಳುವುದನ್ನು ನೋಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟು.

ಮನೆಯಲ್ಲಿ "ಬಸ್ಸು ಲೇಟು" ಎನ್ನುತ್ತಿದ್ದೆ. ನಮ್ಮ ಕಡೆ ಈ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ.

ಹದಿನೈದು ದಿನ ಹೀಗೆ ನಡೆಯಿತು. ಒಂದು ಸಂಜೆ ಎಮ್ಮೆಗೆ ನೀರು ಕುಡಿಸಲು ಬಂದ ಅಜ್ಜಿಯೊಬ್ಬಳು ನನ್ನ ಮುಂದೆ ಬಂದು ನಿಂತಳು. ಎತ್ತರದ ಆಳು, ಹಣೆಯ ಮೇಲೆ ಹಚ್ಚೆ, ಬಾಯಲ್ಲಿ ಎಲೆ ಅಡಿಕೆ.

"ಯಾಕ್ರೀ ಅಕ್ಕಾರ, ಇಲ್ಲಿ ಯಾರ ಮನಿಗೆ ಬಂದೀರಿ?"

"ಯಾರ ಮನಿಗೂ ಇಲ್ರೀ ಆಯಿ. ಸುಮ್ಮನ ಕುಂತೀನಿ."

"ಸುಮ್ಮನ?" ಎಂದು ಅಜ್ಜಿ ನನ್ನ ಮುಖ ನೋಡಿದಳು, ನೀರು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಆಮೇಲೆ ಎಮ್ಮೆಯನ್ನು ಅದರ ಪಾಡಿಗೆ ಬಿಟ್ಟು ನನ್ನ ಪಕ್ಕದಲ್ಲೇ ಕೂತಳು. ಗಂಡ ಏನು ಮಾಡುತ್ತಾರೆ, ಕುಡಿಯುತ್ತಾರೆಯೇ, ಅತ್ತೆ ಹೇಗೆ, ಮಕ್ಕಳೆಷ್ಟು, ಹೆಣ್ಣೊಂದೇ ಎಂದು ಯಾರಾದರೂ ಅನ್ನುತ್ತಾರೆಯೇ. ದುರ್ಬೀನು ಚೀಲದಲ್ಲೇ ಉಳಿಯಿತು. ಐದೂ ಮುಕ್ಕಾಲಿನ ಬಸ್ಸು ಬಂದಾಗ ಅಜ್ಜಿ ನನ್ನ ರಟ್ಟೆ ಹಿಡಿದು ಎಬ್ಬಿಸಿ ಬಸ್ಸಿನ ಮೆಟ್ಟಿಲವರೆಗೆ ಬಿಟ್ಟಳು.

ಮರುದಿನ ಅಜ್ಜಿಯ ಬದಲು ಆಕೆಯ ಸೊಸೆ ಬಂದಳು, ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ, ಮೇಲೆ ಶೇಂಗಾ ಚಟ್ನಿ. ಅದರ ಮರುದಿನ ಬಸ್ ಸ್ಟಾಪಿನ ಹತ್ತಿರ ಸಣ್ಣ ಅಂಗಡಿ ಇಟ್ಟಿರುವ ಹೆಂಗಸು ಬಂದಳು, ಅಂಗಡಿಯನ್ನು ಹಾಗೇ ಬಿಟ್ಟು. ನಾಲ್ಕನೆಯ ದಿನ ಮತ್ತೆ ಅಜ್ಜಿ. ಯಾರು ಬಂದರೂ ನನ್ನ ಪಕ್ಕ ಬಿಟ್ಟು ಕದಲುವುದಿಲ್ಲ. ಬಾಯಿಗೆ ಬಿಡುವಿಲ್ಲ. ಹಕ್ಕಿಗಳು ಆ ಮಾತಿಗೆ ಬೇಸತ್ತು ಆಚೆ ದಡಕ್ಕೆ ಸರಿದವು.

ನನಗೆ ತಲೆಬುಡ ತಿಳಿಯಲಿಲ್ಲ. ಶಾಲೆಯ ಶಿಕ್ಷಕಿ ಎಂದು ಗೊತ್ತಾಗಿ ಯಾರದೋ ಅಡ್ಮಿಶನ್ ಮಾಡಿಸಬೇಕೆಂದಿದ್ದಾರೆ ಎಂದುಕೊಂಡೆ. ಯಾರೂ ಏನೂ ಕೇಳಲಿಲ್ಲ. ಇಷ್ಟು ಪ್ರೀತಿ ಯಾಕೆ ಎಂಬ ಸಂಶಯ ಬಂದಮೇಲೆ ಆ ರೊಟ್ಟಿಯನ್ನೂ ಅರ್ಧಕ್ಕೇ ಸುತ್ತಿಟ್ಟೆ. ನಾನು ಮೊದಲೇ ಸಿಡುಕಿ. ನನ್ನ ಪಾಡಿಗೆ ನನ್ನನ್ನು ಬಿಡಿ ಎಂದು ಚೀರಬೇಕೆನಿಸುತ್ತಿತ್ತು. ಚೀರಲು ಆಗುತ್ತಿರಲಿಲ್ಲ, ಅಷ್ಟು ಒಳ್ಳೆಯವರು.

ಕೊನೆಗೂ ಒಂದು ದಿನ ಎಲ್ಲ ಕೂಡಿ ಬಂತು. ಅತ್ತೆ ಬೆಟಗೇರಿಯ ತವರಿಗೆ ಹೋಗಿದ್ದರು. ಮಗಳಿಗೆ ಏಳೂವರೆಯವರೆಗೆ ಟ್ಯೂಷನ್. ಗಂಡ ಹುಬ್ಬಳ್ಳಿಗೆ. ಬೆಳಿಗ್ಗೆಯೇ ಎದ್ದು ರಾತ್ರಿಯ ರೊಟ್ಟಿ ಬಡಿದಿಟ್ಟಿದ್ದೆ, ಪಲ್ಯ ಮಾಡಿಟ್ಟಿದ್ದೆ. ಇವತ್ತು ಆರೂ ಮುಕ್ಕಾಲಿನ ಬಸ್ಸು ಎಂದು ನಿರ್ಧರಿಸಿಕೊಂಡು ಕೂತೆ. ಪಕ್ಕದಲ್ಲಿ ಅಂಗಡಿಯ ಹೆಂಗಸು. ಐದೂ ಮುಕ್ಕಾಲಿಗೆ ಬಸ್ಸು ಬಂತು, ನಾನು ಏಳಲಿಲ್ಲ. ಆಕೆ ಓಡಿ ಹೋಗಿ ಬಸ್ಸಿನ ಮುಂದೆ ಕೈ ಅಡ್ಡ ಹಿಡಿದು ನಿಲ್ಲಿಸಿದಳು, ತಿರುಗಿ ಓಡಿ ಬಂದು ನನ್ನನ್ನು ಎಳೆಯತೊಡಗಿದಳು.

"ಹತ್ತ್ರಿ ಅಕ್ಕಾರ, ದೀಪಾ ಹಚ್ಚೂ ಹೊತ್ತಿನ್ಯಾಗ ನೀರಿನ ಮುಂದ ಬ್ಯಾಡ್ರಿ."

"ನಾ ಮುಂದಿನ ಬಸ್ಸಿಗೆ ಹೋಗ್ತೀನಿ. ಬಿಡ್ರಿ ಕೈ!"

"ನಿಮ್ಮ ಮಗಳ ಮಾರಿ ನೆನಸ್ಕೊರಿ ಅಕ್ಕಾರ. ಎಂಥಾ ಕಷ್ಟ ಇದ್ದರೂ ದಿನ ಹೋದಂಗ ಕಡಿಮಿ ಆಗ್ತಾವ್ರಿ. ಜೀವಾ ಹೋದ್ರ ತಿರುಗಿ ಬರ್ತೈತೇನ್ರಿ?"

ಆಗ ನನಗೆ ಹೊಳೆಯಿತು. ನಾನು ಕೆರೆಗೆ ಬೀಳಲು ಬರುತ್ತಿದ್ದೇನೆ ಎಂದು ಈ ಮೂವರು ಹೆಂಗಸರು ನಂಬಿದ್ದರು. ಪಾಳಿ ಹಚ್ಚಿಕೊಂಡು ನನ್ನನ್ನು ಕಾಯುತ್ತಿದ್ದರು. ನಾನು ಬಸ್ಸು ಹತ್ತಿದೆ. ಮೊದಲು ನಗು ಬಂತು, ಆಮೇಲೆ ಸಿಟ್ಟು, ಲಕ್ಷ್ಮೇಶ್ವರ ಬರುವಷ್ಟರಲ್ಲಿ ಒಂಥರಾ ಅಂಜಿಕೆ. ಅಷ್ಟು ಜನಕ್ಕೆ ಹಾಗೆ ಕಾಣಿಸಿತೆಂದರೆ ನನ್ನ ಮುಖದಲ್ಲಿ ಅಂಥದ್ದೇನಾದರೂ ಇದೆಯೋ ಏನೋ. ಮನೆಗೆ ಹೋದವಳೇ ಕನ್ನಡಿ ನೋಡಿಕೊಂಡೆ. ನಲವತ್ತೆರಡರ ಮುಖ, ಕೆನ್ನೆಯ ಮೇಲೆ ಸೀಮೆಸುಣ್ಣದ ಪುಡಿ. ಬೇರೇನೂ ಕಾಣಲಿಲ್ಲ.

ಮರುದಿನ ಅಜ್ಜಿಯ ಪಾಳಿ. ನಾನು ಕೂರುವ ಮೊದಲೇ ದುರ್ಬೀನು ತೆಗೆದು ಆಕೆಯ ಕೈಗೆ ಕೊಟ್ಟೆ.

"ಆಯಿ, ನಾ ಬರೂದು ಸಾಯಾಕಲ್ಲ. ಹಕ್ಕಿ ನೋಡಾಕ."

"ಹಕ್ಕಿ ಹೊಡಿಯೂದು ಗೊತ್ತೈತಿ, ಹಕ್ಕಿ ಕಾಯೂದು ಗೊತ್ತೈತಿ" ಎಂದಳು ಅಜ್ಜಿ. "ನೋಡೂದು ಅಂದ್ರೇನು?"

"ನೋಡೂದು ಅಂದ್ರ ನೋಡೂದ."

ಅಜ್ಜಿ ದುರ್ಬೀನು ಕಣ್ಣಿಗೆ ಹಿಡಿದಳು. ಹಕ್ಕಿಗಳ ಕಡೆ ಹಿಡಿಯಲಿಲ್ಲ, ಊರಿನ ಕಡೆ ತಿರುಗಿಸಿದಳು. "ಅಯ್ಯ ಇವನ! ನನ್ನ ಸೊಸಿ ಇನ್ನೂ ಅಂಗಳದ ಕಸಾ ಹೊಡದಿಲ್ಲ. ಕಟ್ಟಿ ಮ್ಯಾಲೆ ಕುಂತು ಮೊಬೈಲ್ ನೋಡಾಕತ್ತಾಳ" ಎಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಬಹಳ ಹೊತ್ತು ಹಾಗೇ ನೋಡಿದಳು. ಆಮೇಲೆ ದುರ್ಬೀನು ನನ್ನ ಕೈಗಿತ್ತು ಗಂಭೀರವಾದಳು. "ಇರ್ಲಿ, ಇರ್ಲಿ. ಮನಸಿನ್ಯಾಗಿನದು ಎಲ್ಲಾ ಹೇಳಾಕ ಬರೂದಿಲ್ಲ" ಎಂದಳು. "ನಮ್ಮ ಓಣ್ಯಾಗ ಒಬ್ಬಾಕಿ ಹಿಂಗ ಬಂದು ಕುಂಡ್ರತಿದ್ಲು. ನಾವು ಯಾರೂ ಏನಂತ ಕೇಳಲಿಲ್ಲ." ನೀರನ್ನು ನೋಡಲು ಆ ದಿನ ಮನಸ್ಸಾಗಲಿಲ್ಲ.

ಅಜ್ಜಿ ನಂಬಲಿಲ್ಲ ಎಂದೇ ತಿಳಿದೆ. ಯಾಕೆಂದರೆ ಅವತ್ತಿನಿಂದ ಕಾವಲು ಇನ್ನಷ್ಟು ಬಿಗಿಯಾಯಿತು. ಸೊಸೆಯ ಪಾಳಿ, ಅಂಗಡಿಯವಳ ಪಾಳಿ, ಎಲ್ಲವನ್ನೂ ಅಜ್ಜಿಯೇ ತೆಗೆದುಕೊಂಡಳು. ನಾಲ್ಕೂಮುಕ್ಕಾಲಿಗೇ ಬಂದು ಕೂತಿರುತ್ತಿದ್ದಳು. ಒಂದು ಸುಖವೆಂದರೆ ಮಾತು ಕಡಿಮೆಯಾಗಿತ್ತು. ಆಕೆ ಎಲೆಗೆ ಸುಣ್ಣ ಸವರುತ್ತಾ ಗಾಳಿಗೆ ಮುಖ ಕೊಟ್ಟು ಕೂರುವಳು, ನಾನು ನೋಡುವೆ. ಆದರೆ ಐದೂ ಮುಕ್ಕಾಲಾಯಿತೋ ರಟ್ಟೆ ಹಿಡಿದು ಬಸ್ಸಿಗೆ.

ಇತ್ತ ಮನೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಒಂದು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಗಂಡ ಚಹಾ ಮಾಡಿದ್ದರು. ಹದಿನೆಂಟು ವರ್ಷದಲ್ಲಿ ಅವರು ಒಲೆ ಹಚ್ಚಿದ್ದು ನಾನು ನೋಡಿರಲಿಲ್ಲ. ಸಂಜೆ ಹೋದರೆ ಅತ್ತೆ ಹಿಟ್ಟು ನಾದಿ ಕೂತಿದ್ದಾರೆ, ಆ ಮೊಣಕಾಲಿನಲ್ಲಿ. "ನೀ ಕುಂಡ್ರವಾ, ದಣದಿರ್ತಿ." ಮಗಳು ಪುಸ್ತಕ ತಂದು ನನ್ನ ಮಗ್ಗುಲಲ್ಲೇ ಓದತೊಡಗಿದಳು. ಯಾರೋ ಸತ್ತಿದ್ದಾರೆ, ನನಗೆ ಹೇಳಲು ಹೆದರುತ್ತಿದ್ದಾರೆ ಎಂದುಕೊಂಡು ಮುಂಡರಗಿಗೆ ಫೋನ್ ಮಾಡಿದೆ. ತವರಿನಲ್ಲಿ ಎಲ್ಲರೂ ಆರಾಮ.

ಮೂರನೆಯ ದಿನ ಚಹಾ ಕೊಡುತ್ತಾ ಗಂಡ ಎದುರಿಗೆ ಕೂತರು.

"ನಿನಗ ಏನಾರ ತ್ರಾಸ ಐತೇನು? ನನ್ನಿಂದ ಏನಾರ ತಪ್ಪಾಗೈತೇನು? ದಿನಾ ಕೆರಿ ದಂಡಿ ಮ್ಯಾಲೆ ಹೋಗಿ ಕುಂಡ್ರತಿ ಅಂತಲ್ಲ."

ಆ ಅಂಗಡಿಯ ಹೆಂಗಸಿನ ತಂಗಿ ಇರುವುದು ನಮ್ಮ ಹಿಂದಿನ ಓಣಿಯಲ್ಲಿ. ಖಬರು ಹಾಗೆ ಬಂದಿತ್ತು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ತಕ್ಷಣ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. "ಏನಿಲ್ರಿ" ಎಂದು ತಲೆ ತಗ್ಗಿಸಿದೆ. ಇನ್ನೂ ಎರಡು ದಿನ ಸುಮ್ಮನಿದ್ದೆ. ಚಹಾ ಚೆನ್ನಾಗಿತ್ತು. ಯಾರೋ ಬಡಿದುಕೊಟ್ಟ ಬಿಸಿ ರೊಟ್ಟಿ ಚೆನ್ನಾಗಿತ್ತು. ಎರಡನೆಯ ದಿನ ರಾತ್ರಿ ಮಗಳು ನಿದ್ದೆಯಲ್ಲೂ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡದ್ದನ್ನು ಕಂಡೆ. ಆಗ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ದುರ್ಬೀನು ತೆಗೆದು ನಡುವೆ ಇಟ್ಟೆ. ಹೆಬ್ಬಾತು, ಎರಡು ಬಸ್ಸು, ಅಜ್ಜಿ, ಎಲ್ಲ ಹೇಳಿದೆ.

ಮೊದಲು ಎಲ್ಲರೂ ಉಸಿರು ಬಿಟ್ಟರು. ಮಗಳು ಅತ್ತು, ನಕ್ಕು, ಕಾಲು ಅಪ್ಪಳಿಸಿ ಒಳಗೆ ಹೋದಳು. ಆಮೇಲೆ ಗಂಡನ ಮುಖ ಬಿಗಿಯಿತು.

"ಅಂದ್ರ ಎರಡು ತಿಂಗಳ ಆತು, ಬಸ್ಸು ಲೇಟು ಅಂತ ದಿನಾ ಸುಳ್ಳು ಹೇಳಾಕತ್ತಿ."

"ಮುಕ್ಕಾಲು ತಾಸಿನ ವಿಷಯರಿ."

"ಮುಕ್ಕಾಲು ತಾಸ ಇರ್ಲಿ, ಮುಕ್ಕಾಲು ನಿಮಿಷ ಇರ್ಲಿ. ಇಲ್ಲಿ ಹುಡಿಗಿ ಎಸ್ಸೆಸ್ಸೆಲ್ಸಿ, ಅವ್ವಗ ಮೊಣಕಾಲು. ನೀ ಹಕ್ಕಿ ನೋಡ್ಕೊಂತ ಕುಂತಿದ್ದಿ?"

ಅತ್ತೆ ಲಟಪಟ ಎಂದು ಬೆರಳು ಮುರಿದುಕೊಂಡು, ಮೊಣಕಾಲು ಹಿಡಿದು ಎದ್ದು ಒಳಗೆ ಹೋದರು. ಅವತ್ತಿನ ಸಂಜೆಯಿಂದ ಹಿಟ್ಟು ನಾದುವುದು ಮತ್ತೆ ನನ್ನ ಪಾಲಿಗೆ ಬಂತು. ಚಹಾವೂ ನಿಂತಿತು.

ಈ ಲೆಕ್ಕ ನನಗೆ ಬಿಡಿಸಲು ಬರಲಿಲ್ಲ. ಸಾಯಲು ಹೊರಟಿದ್ದೇನೆ ಎಂದು ತಿಳಿದಿದ್ದಾಗ ನನಗೆ ಬೇಕಾದಷ್ಟು ಹೊತ್ತು ಇತ್ತು, ಯಾರೂ ಗಡಿಯಾರ ನೋಡಲಿಲ್ಲ. ಖುಷಿಯಾಗಿ ಕೂತಿದ್ದೆ ಎಂದು ಗೊತ್ತಾದ ಕೂಡಲೇ ಮುಕ್ಕಾಲು ತಾಸೂ ಹೆಚ್ಚಾಯಿತು. ಅವರದು ತಪ್ಪೆಂದು ಹೇಳೋಣವೆಂದರೆ ಸುಳ್ಳು ಹೇಳಿದವಳು ನಾನು. ನನ್ನದೇ ತಪ್ಪೆಂದುಕೊಳ್ಳೋಣವೆಂದರೆ ಮನಸ್ಸು ಒಪ್ಪದು. ಇಷ್ಟು ರಾದ್ಧಾಂತ ಮಾಡಿ ನೋಡಿದ್ದಾದರೂ ಏನು, ನೀರಿನ ಮೇಲೆ ತೂಕಡಿಸುವ ಬಾತುಗಳು. ನನಗೆ ನಿಜಕ್ಕೂ ಹಕ್ಕಿ ಬೇಕಿತ್ತೇ, ಇಲ್ಲ ಯಾರಿಗೂ ಉತ್ತರ ಕೊಡಬೇಕಿಲ್ಲದ ಒಂದಿಷ್ಟು ಹೊತ್ತು ಬೇಕಿತ್ತೇ? ಶಾಲೆಯಲ್ಲಿ ಬೋರ್ಡಿಗೆ ಮುಖ ಮಾಡಿ ನಿಂತಾಗಲೂ ಇದೇ ಪ್ರಶ್ನೆ.

ಗಂಡ ಕೆಟ್ಟವರಲ್ಲ. ಸಿಟ್ಟು ಇಳಿದ ಮೇಲೆ ಅವರೇ ಒಂದು ಪರಿಹಾರ ಹುಡುಕಿದರು. ಭಾನುವಾರ ಎಲ್ಲರನ್ನೂ ಮಾಗಡಿ ಕೆರೆಗೆ ಕರೆದುಕೊಂಡು ಹೋದರು. ಬುತ್ತಿ ಕಟ್ಟಲು ನಾನು ನಾಲ್ಕೂವರೆಗೆ ಎದ್ದೆ. ಚಪಾತಿ, ಬದನೆಕಾಯಿ ಎಣಗಾಯಿ, ಮೊಸರನ್ನ. ಅಲ್ಲಿ ನೂರಾರು ಹಕ್ಕಿ. ಅತ್ತೆಗೆ ಕೂರಲು ನೆರಳು ಹುಡುಕಿದೆ, ಮಗಳು ಮರೆತು ಬಂದ ನೀರಿನ ಬಾಟಲಿಗೆ ಓಡಾಡಿದೆ, ತಾಟು ಹಚ್ಚಿದೆ, ತಾಟು ತೊಳೆದೆ. ಹನ್ನೊಂದೂವರೆಗೆ ಗಂಡ ತೃಪ್ತಿಯಿಂದ ಕೇಳಿದರು, "ನೋಡಿದ್ಯಲ್ಲ? ಆತಲ್ಲ ಇನ್ನ?"

"ಆತು" ಎಂದೆ. ಪ್ರೀತಿಯಿಂದ ಮಾಡಿದ್ದಕ್ಕೆ ಇಲ್ಲವೆನ್ನುವುದು ಹೇಗೆ.

ಪರೀಕ್ಷೆ ಮುಗಿಯುವವರೆಗೆ ನಡುವೆ ಇಳಿಯುವುದಿಲ್ಲ ಎಂದು ನಾನೇ ಒಪ್ಪಿಕೊಂಡೆ. ಪರೀಕ್ಷೆ ಮುಗಿಯುವುದು ಮಾರ್ಚ್ ಕೊನೆಗೆ. ಹೆಬ್ಬಾತುಗಳು ಹೋಗುವುದು ಅದಕ್ಕೂ ಮೊದಲೇ.

ಅದೇ ಬಸ್ಸಿನಲ್ಲಿ ನಡುವೆ ಇಳಿಯದೆ ಹೋಗುವಾಗ ಕಿಟಕಿಯಿಂದ ಅಜ್ಜಿ ಕಾಣುತ್ತಿದ್ದಳು. ಸ್ಟಾಪಿನ ಹತ್ತಿರ ಎಮ್ಮೆಯ ಹಗ್ಗ ಹಿಡಿದು ನಿಂತು, ಬಸ್ಸಿನ ಬಾಗಿಲ ಕಡೆಗೇ ನೋಡುತ್ತಿದ್ದಳು. ನಾನು ಮುಖ ಆಚೆ ತಿರುಗಿಸುತ್ತಿದ್ದೆ. ಒಂದು ದಿನವಲ್ಲ, ಮೂರು ವಾರ. ಕೊನೆಗೆ ಕಂಡಕ್ಟರ್ ಬಂದು ಬಗ್ಗಿ ಮೆಲ್ಲಗೆ ಹೇಳಿದ, "ಅಕ್ಕಾರ, ಆ ಆಯಿ ದಿನಾ ಕೇಳ್ತಾಳ್ರಿ, ಆ ಅಕ್ಕಾರು ಜೀವಂತ ಅದಾರೇನಪಾ ಅಂತ. ನಾ ಅದಾರ ಅಂದ್ರೂ ನಂಬಾಕ ತಯಾರಿಲ್ಲ. ಒಂದ ಸಲ ಇಳದು ಮಾರಿ ತೋರ್ಸಿ ಬರ್ರಿ."

ಇಳಿದೆ. ಮಾರ್ಚ್ ಮೊದಲ ವಾರ. ನೀರು ಹಿಂದೆ ಸರಿದು ದಂಡೆಯ ಕೆಸರು ಬಿರುಕು ಬಿಟ್ಟಿತ್ತು. ಮುಕ್ಕಾಲು ಪಾಲು ಹಕ್ಕಿ ಹೋಗಿದ್ದವು. ನಡುವಿನಲ್ಲಿ ಒಂದೇ ಒಂದು ಗುಂಪು ಉಳಿದಿತ್ತು. ಅಜ್ಜಿ ನನ್ನನ್ನು ನೋಡಿದವಳೇ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಆಮೇಲೆ ಕೈ ಹಿಡಿದು ಹಳೆಯ ಜಾಗಕ್ಕೆ ಕರೆದುಕೊಂಡು ಹೋಗಿ ಕೂರಿಸಿದಳು. ನಾನು ಮನೆಯಲ್ಲಿ ಆದದ್ದನ್ನೆಲ್ಲ ಹೇಳಿದೆ. "ಆಯಿ, ನಾ ಆರಾಮ ಅದೀನಿ. ನೀವು ಸುಮ್ಮನ ಅಂಜಿಕೊಂಡೀರಿ. ಅವತ್ತ ಹೇಳಿದ್ನಲ್ಲ, ಹಕ್ಕಿ ನೋಡಾಕ ಬರ್ತಿದ್ದೆ ಅಂತ."

"ಅದು ನಂಗ ಅವತ್ತ ಗೊತ್ತಾತು" ಎಂದಳು ಅಜ್ಜಿ. "ಆ ದುರ್ಬೀನು ಕಣ್ಣಿಗೆ ಹಿಡದ ದಿನಾನ."

ನಾನು ಆಕೆಯ ಕಡೆ ತಿರುಗಿದೆ. "ಮತ್ತ ಯಾಕ ದಿನಾ ಬಂದು ಕುಂಡ್ರತಿದ್ರಿ?"

ಅಜ್ಜಿ ಸುತ್ತ ಒಮ್ಮೆ ನೋಡಿದಳು. ಎಲೆಯ ಚೂರನ್ನು ಬಾಯಿಂದ ತೆಗೆದು ಒಗೆದಳು.

"ಈ ಊರಿಗೆ ಮದಿವ್ಯಾಗಿ ಬಂದು ಐವತ್ತು ವರ್ಷ ಆತವಾ. ಸುಮ್ಮನ ಕೆರಿ ದಂಡಿ ಮ್ಯಾಲೆ ಕುಂತು ಬರ್ತೀನಿ ಅಂದ್ರ ಯಾರು ಬಿಡ್ತಾರ? ಎಮ್ಮಿಗೆ ನೀರು ಕುಡಿಸಾಕ ಎಷ್ಟು ಹೊತ್ತು ಬೇಕು? ಸಾಯಾಕ ಬಂದಾಕಿನ್ನ ಕಾಯಾಕ ಹೊಂಟೀನಿ ಅಂದ್ರ ಮಾತ್ರ ಯಾರೂ ಬ್ಯಾಡ ಅನ್ನೂದಿಲ್ಲ. ಸೊಸಿ ತಾನ ಹಾಲು ಹಿಂಡತಿದ್ಲು, ತಾನ ಒಲಿ ಹಚ್ಚತಿದ್ಲು. ಹೋಗ್ರಿ ಅತ್ತಿ, ಜಲ್ದಿ ಹೋಗ್ರಿ, ಆ ಅಕ್ಕಾರು ಒಬ್ಬರ ಅದಾರ ಅಂತಿದ್ಲು. ಈಗ ನೀ ಬರೂದು ಬಿಟ್ಟಿ. ಆ ಅಕ್ಕಾರು ಆರಾಮಾದ್ರು, ಇನ್ನ ಮನ್ಯಾಗ ಕುಂಡ್ರಿ ಅಂತಾಳ ಸೊಸಿ. ಅದಕ್ಕ ಆ ಕಂಡಕ್ಟರಗ ದಿನಾ ಗಂಟುಬಿದ್ದು ನಿನ್ನ ಇಳಿಸಿಕೊಂಡೆ."

"ನಿಮಗೂ ಹಕ್ಕಿ..."

"ಹಕ್ಕಿ ಗಿಕ್ಕಿ ನಂಗೇನೂ ಬ್ಯಾಡ. ಗಾಳಿ ಬರ್ತೈತಿ, ಕುಂತಿರ್ತೀನಿ." ಆಮೇಲೆ ನನ್ನ ಕೈ ಹಿಡಿದು, "ನೀ ಆರಾಮ ಅದೀನಿ ಅಂತ ಅಷ್ಟು ನಮ್ಮ ಮನ್ಯಾಗ ಹೇಳಬ್ಯಾಡವಾ" ಎಂದಳು. ಆ ಎತ್ತರದ ಹೆಂಗಸು ಹಾಗೆ ಕೇಳಿಕೊಂಡದ್ದು ನನಗೆ ನೋಡಲಾಗಲಿಲ್ಲ.

ಐದೂ ಮುಕ್ಕಾಲಿನ ಬಸ್ಸು ಬಂತು. ಅಜ್ಜಿ ನನ್ನ ರಟ್ಟೆ ಹಿಡಿಯಲಿಲ್ಲ. ಬಸ್ಸು ಹೋಯಿತು. ನಾನು ಮನೆಗೆ ಫೋನ್ ಹಚ್ಚಿದೆ, ಅತ್ತೆ ಎತ್ತಿದರು.

"ಅತ್ತಿ, ನಾ ಕೆರಿ ಹತ್ರ ಅದೀನ್ರಿ. ಮುಂದಿನ ಬಸ್ಸಿಗೆ ಬರ್ತೀನಿ."

"ಹಕ್ಕಿಗೋ, ನೀರಿಗೋ?" ಎಂದು ಕೇಳಿದರು.

"ಹಕ್ಕಿಗ್ರಿ."

"ಹಂಗಾರ ರೊಟ್ಟಿ ನೀನ ಬಂದು ಬಡಿ" ಎಂದು ಇಟ್ಟುಬಿಟ್ಟರು. ಬೈದರೋ, ಬಿಟ್ಟುಕೊಟ್ಟರೋ, ಈವರೆಗೂ ನನಗೆ ತಿಳಿದಿಲ್ಲ.

ಹೊತ್ತು ಇಳಿಯಿತು. ನೀರು ಕೆಂಪಾಯಿತು. ಆರು ಹತ್ತಕ್ಕೆ ಒಂದು ಹೆಬ್ಬಾತು ಕತ್ತು ಎತ್ತಿ ಕೂಗಿತು. ಇನ್ನೊಂದು ಉತ್ತರ ಕೊಟ್ಟಿತು. ಗುಂಪಿನಲ್ಲಿ ಗುಸುಗುಸು ಶುರುವಾಯಿತು, ರೆಕ್ಕೆ ಬಿಚ್ಚಿ ಮುಚ್ಚಿ ಮಾಡತೊಡಗಿದವು. ನಾನು ದುರ್ಬೀನು ಕಣ್ಣಿಗೆ ಏರಿಸಿದೆ. ಅಟ್ಟಣಿಗೆಯ ಮೇಲಿನ ಹತ್ತು ವರ್ಷದ ಹುಡುಗಿಯ ಹಾಗೆ ಮುಂದಕ್ಕೆ ಬಾಗಿ ಕೂತೆ.

"ಸೊಸಿ ಬಂದ್ಲು" ಎಂದಳು ಅಜ್ಜಿ, ತುಟಿ ಅಲುಗಿಸದೆ.

ದಂಡೆಯ ಆ ತುದಿಯಿಂದ ಸೊಸೆ ಬರುತ್ತಿದ್ದಳು. ಎಮ್ಮೆ ಮನೆಗೆ ಬರದಿದ್ದರಿಂದ ಹುಡುಕಿಕೊಂಡು ಬಂದಿರಬೇಕು. ಅತ್ತೆಯನ್ನು ಬೈಯಲು ತಯಾರಾಗಿಯೇ ಬರುವ ನಡಿಗೆ ಅದು. ನಾನು ಅಜ್ಜಿಯ ಮುಖ ನೋಡಿದೆ. ದುರ್ಬೀನನ್ನು ಸೆರಗಿನ ಕೆಳಗೆ ಜಾರಿಸಿದೆ. ಮೊಣಕಾಲಿನ ಮೇಲೆ ಹಣೆಯಿಟ್ಟು ತಲೆ ತಗ್ಗಿಸಿ ಕೂತೆ.

ಅಜ್ಜಿಯ ಕೈ ನನ್ನ ಬೆನ್ನ ಮೇಲೆ ಬಂತು. "ಸಮಾಧಾನ ಮಾಡ್ಕೋ ತಂಗಿ, ಸಮಾಧಾನ ಮಾಡ್ಕೋ" ಎಂದು ಜೋರಾಗಿ ಹೇಳಿದಳು. ಸೊಸೆಯ ಹೆಜ್ಜೆ ಹತ್ತಿರ ಬಂದು ನಿಂತಿತು. "ಅಯ್ಯ ಶಿವನ, ಮತ್ತ ಶುರು ಆತೇನ್ರಿ ಅತ್ತಿ?" ಎಂದು ಅವಳು ಪಿಸುಗುಟ್ಟಿದಳು. ಅದೇ ಹೊತ್ತಿಗೆ ಹಕ್ಕಿಗಳು ಎದ್ದವು.

ನೀರು ಚಿಮ್ಮಿದ ಸದ್ದು, ಆಮೇಲೆ ನೂರು ರೆಕ್ಕೆಗಳು ಒಟ್ಟಿಗೆ ಬಡಿಯುವ ಸದ್ದು. ತಲೆಯ ಮೇಲೇ ಹಾದುಹೋದವು. ಕೊರಳಿಗೆ ಎರಡು ಹನಿ ನೀರು ಬಿತ್ತು. ತಲೆ ಎತ್ತಿದರೆ ಸಾಕು, ನಾನು ಚಳಿಗಾಲವೆಲ್ಲ ಕಾದದ್ದು ಅಲ್ಲೇ ಇತ್ತು. ಎತ್ತಲಿಲ್ಲ. ಕೂಗು ಕಡಲೆ ಹೊಲಗಳ ಕಡೆ ದೂರವಾಗುತ್ತಾ ಹೋಯಿತು. ಅಷ್ಟರಲ್ಲಿ ನನ್ನ ಮೊಣಕಾಲಿನ ಸೀರೆ ಒದ್ದೆಯಾಗಿತ್ತು. ಹಕ್ಕಿ ತಪ್ಪಿತೆಂದೋ, ಅಜ್ಜಿಗಾಗಿಯೋ, ನನಗಾಗಿಯೋ, ಆ ಕಣ್ಣೀರಿಗೆ ಕಾರಣ ಇವತ್ತಿಗೂ ಗೊತ್ತಿಲ್ಲ.

"ನೀವು ಇಲ್ಲೇ ಕುಂಡ್ರಿ ಅತ್ತಿ, ಬಸ್ಸು ಹತ್ತಿಸಿ ಬರ್ರಿ. ಹಾಲು ನಾ ಹಿಂಡತೀನಿ. ನಾಳೇನೂ ಬರ್ರಿ ಬೇಕಾದ್ರ" ಎಂದು ಸೊಸೆ ಎಮ್ಮೆಯ ಹಗ್ಗ ಹಿಡಿದು ಹೋದಳು.

ಅವಳು ದೂರ ಹೋದ ಮೇಲೆ ನಾನು ಮುಖ ಒರೆಸಿಕೊಂಡು ಎದ್ದು ಕೂತೆ. ಕೆರೆ ಖಾಲಿಯಾಗಿತ್ತು.

"ಆಯಿ, ಹೆಂಗಿತ್ತು?" ಎಂದೆ. "ಎಲ್ಲಾ ಒಮ್ಮೆಲೆ ಎದ್ವೇನು?"

"ನಾ ಎಲ್ಲಿ ನೋಡಿದ್ನವಾ" ಎಂದಳು ಅಜ್ಜಿ. "ನಾ ನಿನ್ನ ನೋಡಾಕತ್ತಿದ್ದೆ. ಭಾಳ ಚಲೋ ಅಳತಿ ಬಿಡು."